ವಾಲ್ವ್ ಮುಚ್ಚಿದ ಮೇಲೆ

ಬೀದಿಯವರಿಗೆಲ್ಲ ಅವನು ವಾಲ್ವಣ್ಣ. ನಲ್ಲಿ ರಿಪೇರಿಯಲ್ಲಿ ಅವನನ್ನು ಮೀರಿಸಿದವರಿಲ್ಲ, ಬಾಯಲ್ಲಂತೂ ಇಲ್ಲವೇ ಇಲ್ಲ. ವಾಲ್ವ್ ಮುಚ್ಚಿದರೂ ನೀರು ಬರ್ತಿದೆ ಎಂದು ಯಾರಾದರೂ ಗಾಬರಿಯಾದರೆ ನಗುತ್ತಿದ್ದ: "ಪೈಪಲ್ಲಿ ಉಳಿದಿರೋದು ಎಲ್ಲಿಗೆ ಹೋಗುತ್ತೆ ಅಕ್ಕಾ? ಅದು ಖಾಲಿ ಆಗ್ಬೇಕಲ್ಲ." ಆದರೆ ದೀಪದ ಬುಡದಲ್ಲೇ ಕತ್ತಲು.

ಇಬ್ಬರು ಮಕ್ಕಳು ಸಾಕೆಂದು, ಹೆಂಡತಿಯ ಹೊಟ್ಟೆಗೆ ಮತ್ತೆ ಕತ್ತರಿ ಬೇಡವೆಂದು, ಅವನೇ ಆಪರೇಷನ್ ಮಾಡಿಸಿಕೊಂಡಿದ್ದ. ಅಷ್ಟರ ಮಟ್ಟಿಗೆ ಒಳ್ಳೆಯವನೇ. ಮೂರು ತಿಂಗಳಿಗೆ ವೀರ್ಯ ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೆ ಕಾಂಡೋಮ್ ಬಿಡಬಾರದು ಎಂದು ನರ್ಸಮ್ಮ ಚೀಟಿ ಕೊಟ್ಟಿದ್ದಳು. ಡಬ್ಬಿ ಹಿಡಿದುಕೊಂಡು, ಪರಿಚಯದವರೆಲ್ಲ ಕೂತಿರುವ ಲ್ಯಾಬಿಗೆ ಹೋಗುವುದೇ? ಅರ್ಧ ಓದಿ, ಮಡಚಿ, ಸ್ಪ್ಯಾನರಿನ ಚೀಲಕ್ಕೆ ತುರುಕಿದ. "ಕತ್ತರಿಸಿದ ಮೇಲೆ ಮುಗೀತು" ಎಂದು ಹೆಂಡತಿಗೂ ಹೇಳಿದ.

ಆಪರೇಷನ್ ಆದ ಎರಡೂವರೆ ತಿಂಗಳಿಗೆ ಅವಳು ತಾನು ಬಸುರಿ ಎಂದಳು. "ಯಾರದ್ದು?" ಎಂದು ಕೇಳಿಬಿಟ್ಟ. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಅವನ ತಾಯಿಯ ಕೈ ನಿಂತಿತು. ಅಂದಿನಿಂದ ಆಕೆ ಸೊಸೆ ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಹೆಂಡತಿ ವಾದಿಸಲಿಲ್ಲ. "ಡಾಕ್ಟರನ್ನ ಕೇಳಿ" ಎಂದಳು, ಅಷ್ಟೆ.

ಹನ್ನೊಂದನೆಯ ದಿನ ಎದೆ ಸೆಟೆಸಿಕೊಂಡು ಹೋದ. ಡಾಕ್ಟರು ಅವತ್ತೇ ಪರೀಕ್ಷೆ ಮಾಡಿಸಿ, ವರದಿ ನೋಡಿ, ಕಾಗದದ ಮೇಲೆ ಚಿತ್ರ ಗೀಚಿದರು.

"ವೀರ್ಯನಾಳ ಎರಡಿರುತ್ತೆ. ಒಂದೊಂದೂ ಒಂದೂವರೆ ಗೇಣು. ಬೀಜದಿಂದ ಹೊರಟು, ತೊಡೆಸಂದಿ ಹತ್ತಿ, ಮೂತ್ರಚೀಲದ ಹಿಂದಕ್ಕೆ ಹೋಗುತ್ತೆ. ನಾನು ಕತ್ತರಿಸಿದ್ದು ಇಲ್ಲಿ, ಕೆಳಗಡೆ. ಮುಂದೆ ತುಂಬಿರೋದು ಖಾಲಿ ಆಗ್ಬೇಕಲ್ಲ? ನಿಮ್ಮ ವೀರ್ಯದಲ್ಲಿ ವೀರ್ಯಾಣು ಇನ್ನೂ ಇದೆ. ಚೀಟಿ ಓದ್ಲಿಲ್ವಾ?"

ತನ್ನ ಮಾತೇ ತಿರುಗಿ ಬಂದು ಮುಖಕ್ಕೆ ಬಡಿಯಿತು. ನೆಲ ಬಾಯಿಬಿಟ್ಟಿದ್ದರೆ ಅಲ್ಲೇ ಇಳಿದುಹೋಗುತ್ತಿದ್ದ. ಡಬ್ಬಿ ಹಿಡಿಯುವ ನಾಚಿಕೆಗೆ ಹೆಂಡತಿಯ ಮಾನ ಕಳೆದಿದ್ದ.

ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಪಿಸುಗುಟ್ಟಿದ: "ತಪ್ಪು ನಂದೇ ಕಣೇ."

ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ನನಗ್ಯಾಕೆ ಹೇಳ್ತೀರಿ? ನನಗೆ ಗೊತ್ತಿತ್ತಲ್ಲ. ಅವತ್ತು ಅತ್ತೆ ಎದುರಿಗೆ ಕೇಳಿದ್ರಿ. ಅಲ್ಲೇ ಹೇಳಿ."

ಚೀಲದಿಂದ ಚೀಟಿ ತೆಗೆದ. ಅದಕ್ಕೆ ತುಕ್ಕಿನ ಕಲೆ ಹತ್ತಿತ್ತು. ತಾಯಿಯ ಮುಂದೆ ಕೂತು, ವೀರ್ಯ, ಕಾಂಡೋಮ್ ಯಾವ ಮಾತನ್ನೂ ನುಂಗದೆ, ಮೊದಲ ಸಾಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ. "ಮಗು ನಂದೇ ಅಮ್ಮ. ಅವಳ ಮೇಲೆ ಸುಳ್ಳು ಹೊರಿಸಿದೆ."

ತಾಯಿ ಮಗನ ಮುಖ ನೋಡಲಿಲ್ಲ. ಒಳಗೆ ತಿರುಗಿ ಕೂಗಿದಳು: "ಒಂದು ಲೋಟ ನೀರು ತಾರಮ್ಮ."

ಹೆಂಡತಿ ನೀರು ತಂದಳು. ವಾಲ್ವಣ್ಣನಿಗೆ ತಲೆ ಎತ್ತಲಾಗಲಿಲ್ಲ.