ಏನೂ ಬೇಡ ಎನ್ನುತ್ತಿದ್ದ ಫ್ಯಾನ್ ಮಾಮ

ಕೆಟ್ಟುಹೋದ ಫ್ಯಾನು ತಂದವರು ಯಾರೇ ಆಗಲಿ, ಫ್ಯಾನ್ ಮಾಮ ಮೊದಲು ಬೈಯುತ್ತಿದ್ದ. "ಯಾವ ಪುಣ್ಯಾತ್ಮ ಇದನ್ನ ಬಿಚ್ಚಿದ್ದು? ಸ್ಕ್ರೂಡ್ರೈವರ್ ಕೈಗೆ ಸಿಕ್ತು ಅಂದ್ರೆ ಸಾಕು, ಎಲ್ಲಾರೂ ಮೆಕ್ಯಾನಿಕ್ಕೇ!" ಬೈದು ಮುಗಿದ ಮೇಲೆ ಮೋಟಾರನ್ನು ತೊಡೆಯ ಮೇಲಿಟ್ಟುಕೊಂಡು, ಸುಟ್ಟು ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಲು ಕೂತನೆಂದರೆ ಮುಗಿಯಿತು. ಸುತ್ತು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತಿತ್ತು, ಲೆಕ್ಕ ತಪ್ಪಿದರೆ ಇನ್ನೊಂದು ಸುತ್ತು ಬೈಗುಳ. ಪಕ್ಕದ ಕ್ಷೌರದಂಗಡಿಯವನ ಜೊತೆಗಂತೂ ವರ್ಷಾನುಗಟ್ಟಲೆಯ ಜಗಳ. ಅವನ ರೇಡಿಯೋ ಜೋರು, ಇವನ ಲೆಕ್ಕ ಸೂಕ್ಷ್ಮ.

ಇಷ್ಟು ಜೋರು ಬಾಯಿಯವನಿಗೆ ತನಗೇನು ಬೇಕೆಂದು ಕೇಳಲು ಮಾತ್ರ ಬರುತ್ತಿರಲಿಲ್ಲ. ಬರಬೇಕಾದ ಪ್ರಸಂಗವೇ ಬಂದಿರಲಿಲ್ಲ ಅನ್ನಿ. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಅವನ ಎರಡೂ ಕಾಲುಗಳನ್ನೂ ಎಡಗೈಯ ಅರ್ಧ ಬಲವನ್ನೂ ತೆಗೆದುಕೊಂಡು ಹೋಗಿತ್ತು. ಅಮ್ಮ ಇರುವವರೆಗೆ ಅಮ್ಮ ನೋಡಿಕೊಂಡಳು, ಆಮೇಲೆ ಅಕ್ಕ. ಮುಂದಿನ ಕೋಣೆಯಲ್ಲಿ ಇವನ ಅಂಗಡಿ. ಒಳಕೋಣೆಯಲ್ಲಿ ಅಕ್ಕ ಹೊಲಿಗೆ ಯಂತ್ರ ತುಳಿಯುತ್ತ ಹಾಸಿಗೆ ಅಂಗಡಿಯವರಿಗೆ ದಿಂಬಿನ ಗವಸು ಹೊಲಿಯುತ್ತಿದ್ದಳು. ಇವನ ಗಾಲಿಕುರ್ಚಿ ಕಿರ್ ಎಂದರೆ ಅಲ್ಲಿ ಯಂತ್ರ ನಿಲ್ಲುತ್ತಿತ್ತು. ಅಕ್ಕ ಬಂದು ಇವನ ಕಂಕುಳಿಗೆ ಕೈಕೊಟ್ಟು, "ಹೂಂ, ಹಿಡ್ಕೋ" ಎಂದು ಎತ್ತಿ, ಹಿಂದಿನ ಎತ್ತರದ ಹೊಸ್ತಿಲು ದಾಟಿಸಿ ಶೌಚಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಅವಳು ಕೇಳುತ್ತಿರಲಿಲ್ಲ, ಇವನು ಹೇಳುತ್ತಿರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಅಕ್ಕ, "ನನಗೀಗಲೇ ಒಬ್ಬ ಗಂಡಸಿನ ಕೋಪ ಸಹಿಸಿ ಸಾಕಾಗಿದೆ" ಎಂದು ನಕ್ಕು ತಳ್ಳಿಹಾಕಿದ್ದಳು. ಆ ನಗುವಿನ ಹಿಂದೆ ಏನಿತ್ತೆಂದು ಫ್ಯಾನ್ ಮಾಮನಿಗೆ ಚೆನ್ನಾಗಿ ಗೊತ್ತಿತ್ತು.

ಎತ್ತಿ ಎತ್ತಿ ಅಕ್ಕನ ಸೊಂಟ ಹೋಯಿತು. ಮೊದಲು ನೋವು, ಆಮೇಲೆ ಒಂದು ಕಾಲು ಜೋಮು. ಆಪರೇಷನ್ ಆಗಲೇಬೇಕು, ಆದ ಮೇಲೆ ತುಂಬಿದ ಬಿಂದಿಗೆಯನ್ನೂ ಎತ್ತಕೂಡದು, ಇನ್ನು ತಮ್ಮನ ಮಾತು ಬಿಡಿ ಎಂದರು ಡಾಕ್ಟರು. ಅಕ್ಕ ಆಸ್ಪತ್ರೆಯ ದಿನವನ್ನು ಮುಂದೆ ಹಾಕಿದಳು. ಮತ್ತೆ ಮುಂದೆ ಹಾಕಿದಳು. "ಇವನನ್ನ ಯಾರ ಕೈಗೆ ಕೊಟ್ಟು ಹೋಗ್ಲಿ?" ಎಂಬ ಅವಳ ಪ್ರಶ್ನೆಗೆ ಉತ್ತರ ಹಿಡಿದುಕೊಂಡು ಬಂದವನು ಮದುವೆಯಾಗಿ ಹೋಗಿದ್ದ ತಂಗಿಯ ಗಂಡ. ಒಳ್ಳೆಯವನೇ, ಪಾಪ. ಊರಾಚೆಯ ಆಶ್ರಯಧಾಮದಲ್ಲಿ ಓಡಾಡಿ ಒಂದು ಮಂಚ ಹಿಡಿದಿಟ್ಟಿದ್ದ.

"ಹೊತ್ತುಹೊತ್ತಿಗೆ ಊಟ, ನರ್ಸು, ಟಿವಿ. ರಾಜನ ಥರ ಇರ್ತೀರಿ ಭಾವ!"

"ಅಲ್ಲಿ ಫ್ಯಾನ್ ರಿಪೇರಿ ಮಾಡಬಹುದಾ?"

"ಅಯ್ಯೋ, ಇನ್ನೂ ಯಾಕೆ ಭಾವ ರಿಪೇರಿ? ಆರಾಮಾಗಿರಿ."

ಬೆಳಗೆದ್ದು ಯಾರನ್ನೂ ಬೈಯುವ ಹಾಗಿಲ್ಲದ, ತೊಡೆಯ ಮೇಲೆ ಮೋಟಾರಿಲ್ಲದ, ತಂತಿಗೆ ಹಚ್ಚುವ ವಾರ್ನಿಷ್ ವಾಸನೆಯಿಲ್ಲದ ಒಂದು ಮಂಚವನ್ನು ನೆನೆದು ಫ್ಯಾನ್ ಮಾಮನಿಗೆ ನಿಜವಾಗಿ ಹೆದರಿಕೆಯಾಯಿತು. ಹೋಗುವುದಿಲ್ಲವೆಂದರೆ ಅಕ್ಕ ಆಸ್ಪತ್ರೆಗೆ ಹೋಗುವುದಿಲ್ಲ. ಹೋಗುತ್ತೇನೆಂದರೆ ಇವನ ಬದುಕು ಮುಗಿದಂತೆ.

ಆ ಸಮಯಕ್ಕೆ ಸರಿಯಾಗಿ ಒಂದು ಟೇಬಲ್ ಫ್ಯಾನು ಬಂತು. ಅದನ್ನು ಮಡಿಲಲ್ಲಿಟ್ಟುಕೊಂಡು ತಾನೇ ಗಾಲಿಕುರ್ಚಿ ತಳ್ಳಿಕೊಂಡು ಬಂದವಳು ಆಚೆ ಬೀದಿಯ ಶಾಲೆಯ ಮೇಷ್ಟ್ರಮ್ಮ. ಮಕ್ಕಳ ಬಾಯಲ್ಲಿ ಚಕ್ರದ ಟೀಚರ್. ಅಂಗವಿಕಲರದ್ದೇ ಒಂದು ಸಂಘ ಕಟ್ಟಿಕೊಂಡಿದ್ದಳು. ಫ್ಯಾನ್ ಮಾಮ ಬೈಯುವುದನ್ನೇ ಮರೆತು ಕೇಳಿದ, "ಮನೇಲಿ ಯಾರ್ಯಾರಿದ್ದೀರಿ?"

"ನಾನಿದ್ದೀನಿ," ಎಂದಳು ಟೀಚರ್.

"ಮತ್ತೆ ಎತ್ತೋರು, ಇಳಿಸೋರು?"

"ಯಾಕೆ ಎತ್ತಬೇಕು? ಜಾರೋಕಾಗಲ್ವಾ?"

ಅವಳು ಹೇಳಿದ್ದು ಇಷ್ಟೇ: ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ಸೇತುವೆಯಂತೆ ಇಡುವ ನುಣುಪಾದ ಒಂದು ಹಲಗೆ. ಅದರ ಮೇಲೆ ಕೂತು ಜಾರಿದರೆ ಆಯಿತು. ಪಕ್ಕದಲ್ಲಿ ಬೆನ್ನಿಗೆ ಒಂದು ಕೈ ಇದ್ದರೆ ಸಾಕು. ಇಷ್ಟು ವರ್ಷ ಇದು ತಮಗೆ ಹೊಳೆಯಲೇ ಇಲ್ಲವಲ್ಲ ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಎದುರುಮನೆಯ ಬಡಗಿ ಹಲಗೆ ಉಜ್ಜಿ ಕೊಟ್ಟ, ಹಿಂದಿನ ಹೊಸ್ತಿಲನ್ನೂ ಕೊಯ್ದುಹಾಕಿ, ಕಮೋಡಿನ ಪಕ್ಕ ಒಂದು ಹಿಡಿ ಬಡಿದ. ಬೆನ್ನಿಗೆ ಕೈ ಕೊಡುವವರು ಯಾರು ಎಂಬುದನ್ನು ತೀರ್ಮಾನಿಸಲು ಬೀದಿಯವರು ಕ್ಷೌರದಂಗಡಿಯಲ್ಲೇ ಸೇರಿದರು. ಇಡೀ ಬೀದಿಯಲ್ಲಿ ಕುರ್ಚಿಗಳಿದ್ದದ್ದು ಅಲ್ಲಿ ಮಾತ್ರ. ಬಡಗಿ, ಹಾಲಿನ ಬೂತಿನವನು, ಇಸ್ತ್ರಿಯಾಕೆ, ಟೈಪಿಂಗ್ ಅಂಗಡಿಯ ದಂಪತಿ, ಎಲ್ಲರೂ ನಾನು ತಾನು ಎಂದು ಮುಂದೆ ಬಂದರು. ರೇಡಿಯೋದವನೂ ಕತ್ತರಿ ಎತ್ತಿ, "ನಾನೂ ಇದ್ದೀನಪ್ಪ" ಎಂದ. ಟೀಚರ್ ಎಲ್ಲರಿಗೂ ಒಂದೇ ಮಾತು ಹೇಳಿದಳು: "ಏನು ಬೇಕು ಅಂತ ಅವರು ಹೇಳ್ತಾರೆ, ನೀವು ಅಷ್ಟು ಮಾಡಿ." ಫ್ಯಾನ್ ಮಾಮ ದೊಡ್ಡದಾಗಿ ತಲೆಯಾಡಿಸಿದ.

ತಂಗಿಯ ಗಂಡ ಒಪ್ಪಿದ, ಆದರೆ ಅರೆಮನಸ್ಸಿನಿಂದ. "ಅಕ್ಕ ಆಸ್ಪತ್ರೇಲಿ ಇರೋವರೆಗೂ ನೋಡೋಣ. ಏನಾದ್ರೂ ಎಡವಟ್ಟಾದ್ರೆ ಕಾರು ತರ್ತೀನಿ, ಆಮೇಲೆ ನನ್ನ ಮೇಲೆ ಕೋಪ ಮಾಡ್ಕೋಬಾರದು." ಅಕ್ಕ ತಿರುಗಿ ತಿರುಗಿ ನೋಡುತ್ತ ಆಸ್ಪತ್ರೆಗೆ ಹೋದಳು.

ಮೊದಲ ದಿನ ಬೆಳಗ್ಗೆ ಬಡಗಿ ಬಂದು ಮಂಚದಿಂದ ಕುರ್ಚಿಗೆ ಜಾರಿಸಿದ, ಹಿಂದೆ ಕರೆದುಕೊಂಡು ಹೋಗಿಬಂದ. ಎಲ್ಲ ಸುಸೂತ್ರ. ಅವನು ಹೋದ ಮೇಲೆ ಹೆಂಡತಿ ಒಂದು ಲೋಟ ಟೀ ಕಳಿಸಿದಳು. ಆಮೇಲೆ ಹಾಲಿನ ಬೂತಿನವನು ಬಂದ. "ಏನಾದ್ರೂ ಬೇಕಾ ಮಾಮ?" "ಏನೂ ಬೇಡಪ್ಪ." ಬರಿಗೈಲಿ ನಿಲ್ಲುವುದು ಹೇಗೆಂದು ಅವನೂ ಟೀ ತಂದ. ಇಸ್ತ್ರಿಯಾಕೆ ಬಂದಳು. "ಏನಾದ್ರೂ ಬೇಕಾಣ್ಣ?" "ಏನೂ ಬೇಡಮ್ಮ." ಅವಳೂ ಟೀ ತಂದಳು, ಶುಂಠಿ ಜಜ್ಜಿ ಹಾಕಿದ್ದು. ಟೈಪಿಂಗ್ ಅಂಗಡಿಯ ಗಂಡ ಒಂದು ಸಲ, ಹೆಂಡತಿ ಒಂದು ಸಲ. ಪ್ರೀತಿಯಿಂದ ತಂದದ್ದನ್ನು ಬೇಡ ಅನ್ನುವುದು ಹೇಗೆ? ಫ್ಯಾನ್ ಮಾಮ ಎಲ್ಲವನ್ನೂ ಕುಡಿದ. ಬಂದವರೆಲ್ಲ ಮಿಕ್ಕ ಕೆಲಸ ಹಿಂದಿನವರು ಮಾಡಿಸಿರುತ್ತಾರೆ ಎಂದುಕೊಂಡರು. ಇವನ ಕುರ್ಚಿ ಎಷ್ಟು ಸಲ ಕಿರ್ ಎಂದರೂ ಒಳಗೆ ನಿಲ್ಲಬೇಕಾದ ಯಂತ್ರ ನಿಂತೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಅವನ ಹಣೆ ಬೆವರುತ್ತಿತ್ತು. ಪಕ್ಕದಲ್ಲೇ ಗೋಡೆಯಾಚೆ ಕ್ಷೌರಿಕನ ರೇಡಿಯೋ ಹಾಡುತ್ತಿತ್ತು, ಒಂದು ಕೂಗು ಹಾಕಿದ್ದರೆ ಸಾಕಿತ್ತು. ಅವನ ಹತ್ತಿರ ಹೇಳುವುದೇ, ಅದೂ ಇದನ್ನು? ಹಾಡು ಮುಗಿಯುವುದರೊಳಗೆ ಫ್ಯಾನ್ ಮಾಮನ ಪ್ಯಾಂಟು ಒದ್ದೆಯಾಗಿತ್ತು. ಅವನು ಕೊಕ್ಕೆಕೋಲಿನಿಂದ ಷಟರ್ ಅರ್ಧ ಎಳೆದುಕೊಂಡು, ಒದ್ದೆ ಬಟ್ಟೆಯಲ್ಲೇ ಕತ್ತಲಲ್ಲಿ ಕೂತು ಅತ್ತುಬಿಟ್ಟ.

ಸಂಜೆ ಬಂದ ತಂಗಿಯ ಗಂಡ ಮೂಗು ಮುಚ್ಚಲಿಲ್ಲ. ಬಟ್ಟೆ ಬದಲಾಯಿಸಿ, ಮೈ ಒರೆಸಿ, "ಬೆಳಗ್ಗೆ ಕಾರು ತರ್ತೀನಿ ಭಾವ" ಎಂದ. ಫ್ಯಾನ್ ಮಾಮ "ಆಯ್ತು" ಎಂದ.

ಮರುದಿನ ಬೆಳಗ್ಗೆ ಕಾರಿಗಿಂತ ಮೊದಲು ಟೀಚರ್ ಬಂದಳು. ಸುದ್ದಿ ಮುಟ್ಟಿತ್ತು. ಮಾಮ ಬೀದಿಯವರ ಮೇಲೆ ಹರಿಹಾಯ್ದ. "ಟೀ ಕುಡಿಸಿ ಕುಡಿಸಿ ಕೊಂದ್ರು ನನ್ನ! ಒಬ್ಬರಿಗಾದ್ರೂ ತಲೆ ಬೇಡವಾ?"

"ಅವರು ಏನಾದ್ರೂ ಬೇಕಾ ಅಂತ ಕೇಳಿದ್ರಾ, ಇಲ್ವಾ?"

"ಕೇಳಿದ್ರು."

"ನೀವೇನಂದ್ರಿ?"

ಮಾಮ ಸ್ಪ್ಯಾನರನ್ನು ಈ ಕೈಯಿಂದ ಆ ಕೈಗೆ ಹಾಕಿದ. "ಏನೂ ಬೇಡ ಅಂದೆ."

"ಮತ್ತೆ! ಹೇಳದೇನೇ ತಿಳ್ಕೊಳ್ಳೋಕೆ ಇಡೀ ಬೀದಿ ನಿಮ್ಮಕ್ಕ ಆಗೋಕಾಗುತ್ತಾ?" ಟೀಚರ್ ದನಿ ತಗ್ಗಿಸಿದಳು. "ನಾನೂ ಹೀಗೇ ಇದ್ದೆ. ನೀರು ಕುಡಿಯೋದನ್ನೇ ಬಿಟ್ಟು ಆಸ್ಪತ್ರೆ ಸೇರಿದ್ದೆ. ಕೇಳೋದು ಕಷ್ಟ, ಗೊತ್ತು. ಆದ್ರೆ ಕೇಳದೇ ಇದ್ರೆ ಆ ಮಂಚ ರೆಡಿ ಇದೆ. ಅಲ್ಲಿ ನೀವು ಕೇಳೋದೇ ಬೇಡ, ಗಂಟೆ ಹೊಡೆದಾಗ ಎಲ್ಲಾರನ್ನೂ ಒಟ್ಟಿಗೆ ಕರ್ಕೊಂಡು ಹೋಗ್ತಾರೆ."

ಅವಳು ಶಾಲೆಗೆ ಹೊರಟುಹೋದಳು. ಬೀದಿಯ ತಿರುವಿನಲ್ಲಿ ತಂಗಿಯ ಗಂಡನ ಕಾರು ಹಾರ್ನ್ ಮಾಡುತ್ತ ಒಳಬರುತ್ತಿತ್ತು. ಬೆಳಗಿನ ಟೀ ಆಗಲೇ ತನ್ನ ಕೆಲಸ ಶುರುಮಾಡಿತ್ತು. ಮಾಮ ಹಲಗೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಬಲಗೈಯಿಂದ ಒಂದು ಚಕ್ರ, ಎಡಗೈಯಿಂದ ಹೇಗೋ ಇನ್ನೊಂದು ಚಕ್ರ ತಳ್ಳುತ್ತ, ಸೊಟ್ಟಸೊಟ್ಟಗೆ ಹೋಗಿ ಕ್ಷೌರದಂಗಡಿಯ ಬಾಗಿಲಿಗೆ ನಿಂತ. ಒಳಗೆ ಗಿರಾಕಿಗಳು ತುಂಬಿದ್ದರು. ಮುಖ ಕೆಂಪಾಗಿ, ಬೈಯುವ ದನಿಯಲ್ಲೇ ಅವನು ಕೂಗಿದ.

"ಏಯ್! ಮೊದ್ಲು ಆ ರೇಡಿಯೋ ಆರಿಸು. ನಂಗೆ ಒಂದಕ್ಕೆ ಹೋಗ್ಬೇಕು, ಬಾ!"

ಕ್ಷೌರಿಕ ರೇಡಿಯೋ ಆರಿಸಿದ. ಅರ್ಧ ಕೆನ್ನೆ ಬೋಳಿಸಿ ಇನ್ನರ್ಧಕ್ಕೆ ನೊರೆ ಹಚ್ಚಿದ್ದ ಗಿರಾಕಿಗೆ, "ಸ್ವಾಮಿ, ಹಾಗೇ ಕೂತಿರಿ, ಬಂದೆ" ಎಂದು ಕೈ ಒರೆಸಿಕೊಂಡು ಹೊರಬಂದ. "ದಿನಾ ಊರವರ ಗಲ್ಲ ಹಿಡಿದು ತಿರುಗಿಸೋನು ನಾನು. ನನ್ನ ಹತ್ರ ಎಂಥ ನಾಚ್ಕೆ ಮಾರಾಯ? ನಿನ್ನೇನೇ ಕೂಗೋದಲ್ವಾ?" ಎಂದು ಬೈಯುತ್ತಲೇ ಕುರ್ಚಿ ತಳ್ಳಿದ. ಹಲಗೆ ಇಟ್ಟರು, ಮಾಮ ಜಾರಿದ, ಕ್ಷೌರಿಕ ಬೆನ್ನಿಗೆ ಕೈಕೊಟ್ಟ. ಬೈಗುಳ ತಿನ್ನುವುದು ಇಷ್ಟು ಹಾಯಾಗಿರುತ್ತದೆಂದು ಮಾಮನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕಾರಿನಿಂದಿಳಿದ ತಂಗಿಯ ಗಂಡನಿಗೆ ಕಂಡದ್ದು ಯಜಮಾನರಿಲ್ಲದೆ ತೆರೆದಿದ್ದ ಎರಡು ಅಂಗಡಿ, ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು ಬಾಗಿಲಲ್ಲಿ ನಿಂತ ಒಬ್ಬ ಗಿರಾಕಿ. ವಿಷಯ ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ. "ಇನ್ನೂ ಸ್ವಲ್ಪ ದಿನ ನೋಡೋಣ ಭಾವ" ಎಂದು ಖಾಲಿ ಕಾರು ತೆಗೆದುಕೊಂಡು ಹೋದ.

ಆಮೇಲೆ ಮಾಮನ ಬಾಯಿಗೆ ಹೊಸ ಕೆಲಸ ಸಿಕ್ಕಿತು. "ಟೀ ಬೇಡ ಕಣಮ್ಮ, ಈ ಕಾಲು ಸ್ವಲ್ಪ ನೆಟ್ಟಗಿಡು." "ಅಲ್ಲಲ್ಲ, ಎತ್ತಬೇಡ, ನಾನೇನು ಅಕ್ಕಿ ಮೂಟೆಯಾ? ಬೆನ್ನಿಗೆ ಕೈ ಕೊಡು ಸಾಕು." ಒಮ್ಮೆ ಬಡಗಿ ಹಲಗೆಯನ್ನು ಓರೆಯಾಗಿಟ್ಟು ಇಬ್ಬರೂ ನೆಲಕ್ಕೆ ಬಿದ್ದರು; ಯಾರ ಮೂಳೆಯೂ ಮುರಿಯಲಿಲ್ಲ. ಬರಲು ಮರೆತವರೂ ಇದ್ದರು, ಬೇಸತ್ತು ಬಿಟ್ಟವರೂ ಇದ್ದರು. ಆದರೆ ಕೂಗಿದರೆ ಯಾರಾದರೊಬ್ಬರು ಬಂದೇ ಬರುತ್ತಿದ್ದರು.

ಅಕ್ಕ ಸೊಂಟಕ್ಕೆ ಅಗಲದ ಬೆಲ್ಟು ಬಿಗಿದುಕೊಂಡು ಮನೆಗೆ ಬಂದಳು. ಬಂದ ದಿನ ಸಂಜೆ ಮಾಮನ ಕುರ್ಚಿ ಕಿರ್ ಎಂದದ್ದೇ ತಡ, ಅವಳು ಗೋಡೆ ಹಿಡಿದು ಎದ್ದು ಬಂದು ಅವನ ಕಂಕುಳಿಗೆ ಕೈ ಹಾಕಲು ಬಗ್ಗಿದಳು.

"ಅಕ್ಕಾ, ಮುಟ್ಬೇಡ!"

ಅವಳು ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಮಾಮ ಗೋಡೆ ಬಡಿದು ಕೂಗಿದ, ಕ್ಷೌರಿಕ ಬಂದ. ತಮ್ಮ ಹಲಗೆಯ ಮೇಲೆ ಜಾರುವುದನ್ನು ಅಕ್ಕ ನೋಡುತ್ತ ನಿಂತಳು. "ಚೆನ್ನಾಗೇ ನಡೀತಿದೆಯಲ್ಲ. ಇನ್ನು ನಾನ್ಯಾಕೆ?" ಎಂದು ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮಾಮ ಬಾಗಿಲಿಗೆ ಬಂದು ಹೇಳಿದ, "ನಿನ್ನ ಸೊಂಟ ಮುರಿದು ನಾನು ನೆಟ್ಟಗೆ ಕೂರೋದು ಬೇಡ ಅಂತ ಅಕ್ಕ. ನೀನು ಬೇಡ ಅಂತ ಅಲ್ಲ."

ಮರುದಿನ ಮಾಮ ತಂತಿ ಸುತ್ತುತ್ತಿದ್ದ. ಒಳಕೋಣೆಯಲ್ಲಿ ಮಂಚ ಕಿರ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಿರ್ ಎಂದಿತು. ಅವನ ಕೈ ನಿಂತಿತು, ಲೆಕ್ಕ ತಪ್ಪಿತು, ಯಾರನ್ನೂ ಬೈಯಲಿಲ್ಲ. ಮೋಟಾರು ಕೆಳಗಿಟ್ಟು ಚಕ್ರ ತಳ್ಳಿಕೊಂಡು ಒಳಗೆ ಹೋದ.

ಅಕ್ಕ ಮಂಚದ ಅಂಚಿನಲ್ಲಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಹಣೆ ಬೆವರಿತ್ತು, ತುಟಿ ಬಿಗಿದಿತ್ತು.

"ಏನಾದ್ರೂ ಬೇಕಾ?"

"ಏನೂ ಬೇಡ."

ಆ ಬೆವರು ಯಾವುದೆಂದು ಮಾಮನಿಗೆ ಗೊತ್ತಿತ್ತು. ಹೋಗಿ ಇಸ್ತ್ರಿಯಾಕೆಯನ್ನು ಕೂಗಿಬಿಡಬಹುದಿತ್ತು. ಅವನು ಕುರ್ಚಿಯನ್ನು ಮಂಚಕ್ಕೆ ಒತ್ತಿ ನಿಲ್ಲಿಸಿ, ಎರಡೂ ಬ್ರೇಕು ಹಾಕಿದ.

"ನನ್ನ ಹತ್ರಾನೇ ಈ ಆಟನಾ? ಬಾಯಿ ಬಿಟ್ಟು ಹೇಳು ಅಕ್ಕ. ನಾನೆಲ್ಲೂ ಹೋಗಲ್ಲ."

ಅಕ್ಕನ ಕಣ್ಣಿಂದ ನೀರು ಬಳಬಳ ಸುರಿಯಿತು.

"ಒಂದಕ್ಕೆ ಹೋಗ್ಬೇಕು ಕಣೋ. ಏಳೋಕೇ ಆಗ್ತಿಲ್ಲ."

ಮಾಮ ತನ್ನ ಗಟ್ಟಿಯಾದ ಬಲಗೈಯನ್ನು ಅವಳ ಮುಂದೆ ಚಾಚಿದ.

"ಹೂಂ," ಎಂದ, "ಹಿಡ್ಕೋ."