ತಿರುಗಿ ನಿಂತ ಕಾಂತಕ್ಷೇತ್ರ

ನನ್ನ ಗೈಡ್ ಮೇಡಂ ಧಾರವಾಡದವರು. ಅವರು ಗದರುವ ದನಿಯನ್ನು ನಾನು ಅಣಕಿಸಿ ತೋರಿಸಿದರೆ ಲ್ಯಾಬಿನಲ್ಲಿ ಒಬ್ಬಿಬ್ಬರು ನಿಜಕ್ಕೂ ಎದ್ದು ನಿಲ್ಲುತ್ತಿದ್ದರು. ನನ್ನ ಪಿಎಚ್‌ಡಿಗಿಂತ ಆ ಕಲೆಯೇ ಮುಂದಿತ್ತು. ಆದರೆ ಆ ವಾರ ಪಿಎಚ್‌ಡಿಗೂ ಕೊಂಬು ಬಂದಿತ್ತು.

ವಿಷಯ ಇಷ್ಟು: ಭಾರೀ ನಕ್ಷತ್ರವೊಂದು ಹುಟ್ಟುವಾಗ ಅದರ ಸುತ್ತಲಿನ ಅನಿಲದಲ್ಲಿ ಅಲ್ಲಲ್ಲಿ ರೇಡಿಯೋ ಅಲೆಗಳು ಲೇಸರ್‌ನಂತೆ ತಾವಾಗಿಯೇ ಬಲಗೊಂಡು ಹೊರಡುತ್ತವೆ. ಅದೇ ಮೇಸರ್. ಅವುಗಳಲ್ಲಿ ಬಲಕ್ಕೆ ಸುತ್ತುತ್ತ ಬರುವವು, ಎಡಕ್ಕೆ ಸುತ್ತುತ್ತ ಬರುವವು ಎಂದು ಎರಡು ಬಗೆ. ಅಲ್ಲಿ ಕಾಂತಕ್ಷೇತ್ರವಿದ್ದರೆ ಎರಡರ ಆವರ್ತನ ಕೂದಲೆಳೆಯಷ್ಟು ಬೇರೆಯಾಗುತ್ತದೆ. ಯಾವುದರ ಆವರ್ತನ ಹೆಚ್ಚು ಎಂದು ನೋಡಿದರೆ ಕ್ಷೇತ್ರ ನಮ್ಮ ಕಡೆಗಿದೆಯೋ ಆಚೆಗೋ ಗೊತ್ತಾಗುತ್ತದೆ. ಹಳೆಯ ಪ್ರಬಂಧವೊಂದು ‘ನಮ್ಮ ಕಡೆಗೆ’ ಎಂದಿತ್ತು. ನನ್ನ ಲೆಕ್ಕ ‘ಆಚೆಗೆ’ ಎಂದಿತು. ಕೆಲವೇ ವರ್ಷಗಳಲ್ಲಿ ಕ್ಷೇತ್ರ ತಿರುಗಿ ನಿಂತಿದೆ! ಸೋಮವಾರ ನಮ್ಮ ಪ್ರಬಂಧ ಪತ್ರಿಕೆಗೆ ಹೋಗುವುದಿತ್ತು, ಮೊದಲ ಹೆಸರು ನನ್ನದು.

ಭಾನುವಾರ ಬೆಳಿಗ್ಗೆ ಘಾಟ್ಕೋಪರಿನ ಮನೆಯಲ್ಲಿ ಮಲಗಿಕೊಂಡೇ ಹಳೆಯ ಪ್ರಬಂಧದ ಅಡಿಟಿಪ್ಪಣಿ ಓದಿದೆ. ನಾವು ರೇಡಿಯೋದವರು ಅಲೆಯ ಬೆನ್ನ ಹಿಂದೆ ನಿಂತು ಬಲ–ಎಡ ಹೇಳುವವರು. ಆ ಪ್ರಬಂಧದವರು ಎದುರು ನಿಂತು ಹೇಳಿದ್ದರು. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಮೇಲಿನ ಮಾಳಿಗೆಯವರು ನೆಲ ಕೊರೆದು ನೋಡಿದರೆ ಅದೇ ಫ್ಯಾನ್ ಉಲ್ಟಾ. ಲ್ಯಾಪ್‌ಟಾಪ್ ತೆಗೆದು ಲೆಕ್ಕದ ಪ್ಲಸ್–ಮೈನಸ್ ಚಿಹ್ನೆ ಬದಲಿಸಿ ನೋಡಿದೆ. ತಕ್ಷಣ ಚಪ್ಪಲಿ ಹುಡುಕಿದೆ.

ಮೇಡಂ ಮನೆ ವಿಲೆ ಪಾರ್ಲೆಯಲ್ಲಿ. ಮೆಟ್ರೋದಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಎದ್ದೆ, ಕೂತೆ, ಮತ್ತೆ ಎದ್ದೆ. ಸುಮ್ಮನಿದ್ದುಬಿಟ್ಟರೆ ಯಾರಿಗೆ ಗೊತ್ತಾದೀತು ಎಂದೂ ಅನ್ನಿಸಿತು. ಅಂಧೇರಿಯಲ್ಲಿ ಇಳಿದು ಲೋಕಲ್ ರೈಲು ಹಿಡಿಯುವಷ್ಟರಲ್ಲಿ ಮೂರು ಬಗೆಯ ಮಾತು ಜೋಡಿಸಿದ್ದೆ. ಮೂರೂ ಬೇರೆಯವರ ತಪ್ಪಿನಿಂದಲೇ ಶುರುವಾಗುತ್ತಿದ್ದವು.

“ಯಾಕಲೇ, ಮನ್ಯಾಗಿಂದ ಹೊರಗ ಹಾಕಿದ್ರೇನು?” ಬಾಗಿಲು ತೆರೆದ ಮೇಡಂ ಕೇಳಿದರು.

“ಮೇಡಂ, ಸ್ವಲ್ಪ ಲೋಚಾ ಆಗಿದೆ, ಎಡವಟ್ಟು.”

“ಸ್ವಲ್ಪಕ್ಕ ಇಷ್ಟು ಬೆವರತಾರೇನು? ಒಳಗ ಬಾ.”

ಹೇಳಿದೆ. ಅವರು ಅಡಿಟಿಪ್ಪಣಿಯನ್ನು ಎರಡು ಸಲ ಓದಿದರು. ಗದರಲಿಲ್ಲ. ಗದರಿದ್ದರೆ ನನಗೆ ಹಾಯೆನಿಸುತ್ತಿತ್ತು.

“ಚಿಹ್ನೆ ಬದಲಿಸಿ ನೋಡೀಯೇನು?”

“ನೋಡಿದೆ. ಅವರದೂ ನಮ್ಮದೂ ಮ್ಯಾಚ್ ಆಗ್ತದೆ. ಫೀಲ್ಡ್ ಎಲ್ಲೂ ತಿರುಗಿಲ್ಲ ಮೇಡಂ. ಖಾಲಿಪೀಲಿ, ಸುಮ್‌ಸುಮ್ನೆ, ಹಲ್ಲಾ ಮಾಡಿದ್ದು ನಾನೇ.”

“ನಾನೂ ಓದೇನಲ್ಲ, ನನ್ನ ಕಣ್ಣಿಗೂ ಬೀಳಲಿಲ್ಲ.”

“ಈಗ ಏನು ಉಳೀತು?”

“ಇಷ್ಟು ವರ್ಷ ಅದು ಹಂಗ ನಿಂತೈತಿ ಅನ್ನೂದು. ಅದೂ ಸುದ್ದಿನ. ಯಾರೂ ಪೇಢಾ ಹಂಚೂದಿಲ್ಲ, ಅಷ್ಟ.”

ಪ್ರಬಂಧದ ಸಹಲೇಖಕರಿಗೆಲ್ಲ ಅಲ್ಲೇ ಕೂತು ಮೇಲ್ ಬರೆಯುವಂತೆ ನನಗೆ ಹೇಳಿದರು. ‘ಒಂದು ವ್ಯತ್ಯಾಸ ಕಂಡುಬಂದಿದೆ’ ಎಂದು ಶುರುಮಾಡಿದೆ.

“ತಾನ ಕಂಡುಬಂತೇನು? ಯಾರು ಮಾಡಿದ್ದು, ಬರಿ.”

ಅಳಿಸಿ, ‘ನಾನು ತಪ್ಪು ಮಾಡಿದ್ದೇನೆ’ ಎಂದು ಬರೆದು ಕಳಿಸಿದೆ. ಪ್ರಬಂಧದ ಶೀರ್ಷಿಕೆಯಿಂದ ‘ತಿರುಗಿದ’ ಎಂಬ ಪದ ತೆಗೆಯಲು ಒಂದು ಕ್ಷಣ ಸಾಕಾಯಿತು. ಉಳಿದದ್ದನ್ನು ಮತ್ತೆ ಬರೆಯಲು ಮಳೆಗಾಲ ಪೂರ್ತಿ ಹಿಡಿಯಿತು.