ಇಳಿಯದೇ ಉಳಿದವಳು

ಮೊಮ್ಮಗಳು ಬಂದಿದ್ದ ಆ ಬೇಸಿಗೆಯಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇವತ್ತು ಮದುವೆ, ನಾಳೆ ಗೃಹಪ್ರವೇಶ, ನಾಡಿದ್ದು ಗುಡ್ಡದ ಮೇಲೆ ಬುತ್ತಿಯೂಟ. ಎಲ್ಲದಕ್ಕೂ ಹಾನುಬಾಳಿನ ಅದೇ ಜೀಪು, ಅದೇ ಡ್ರೈವರ್. ಏರು ಬಂದರೆ ಸಾಕು, ಟವೆಲ್ಲಿನಿಂದ ಸ್ಟೇರಿಂಗ್ ಒರೆಸಿ, "ಇಳೀರಿ ಕಣ್ರೀ, ಜೀಪು ಹಗುರಾಗ್ಲಿ" ಅನ್ನುತ್ತಿದ್ದ.

"ನಿನ್ನ ಜೀಪಿಗಿಂತ ನಾವೇ ಜಾಸ್ತಿ ನಡೀತೀವಲ್ಲೋ ಮಾರಾಯ!" ಎಂದು ನಾನು ರೇಗಿಸಿದರೆ ಕನ್ನಡಿಯಲ್ಲಿ ನೋಡಿ ನಗುತ್ತಿದ್ದ.

ಗುಡ್ಡಕ್ಕೆ ಹೋದ ದಿನವೂ ಎಲ್ಲರೂ ಇಳಿದು ನಡೆದೆವು. ಮಗು ಸೊಸೆಯ ಜೊತೆ ಇದೆ ಎಂದುಕೊಂಡೆ ನಾನು; ನನ್ನ ಜೊತೆ ಇದೆ ಎಂದುಕೊಂಡಳು ಸೊಸೆ. ಅದು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿತ್ತು. ಅರ್ಧ ಏರಿನಲ್ಲಿ ಜೀಪು ಹಿಂದಕ್ಕೆ ಜಾರತೊಡಗಿತು. ಹಿಂದೆ ಪ್ರಪಾತ.

"ಹಾರ್ಬುಡೋ!" ಎಂದು ನಮ್ಮ ಯಜಮಾನರು ಕೂಗಿದರು.

ಅವನು ಕನ್ನಡಿ ನೋಡಿದ. ಹಾರಲಿಲ್ಲ. ಬ್ರೇಕ್ ತುಳಿದುಕೊಂಡೇ, "ಮಗು ಒಳಗೈತೆ. ಟೈರಿಗೆ ಕಲ್ಲು ಕೊಡಿ" ಎಂದ, ಮಗುವಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ. ಓಡಿ ಹೋಗಿ ಕಲ್ಲಿಟ್ಟೆವು. ಜೀಪು ಅಂಚಿನಲ್ಲಿ ನಿಂತಿತು.

ಅವನು ಇಳಿದು, ಟವೆಲ್ಲಿನಿಂದ ಮುಖ ಒರೆಸಿಕೊಂಡು ಹಿಂದಿನ ಬಾಗಿಲು ತೆಗೆದ. ಕಣ್ಣುಜ್ಜುತ್ತಾ ಎದ್ದವಳಿಗೆ ಹೇಳಿದ: "ನೀವೊಬ್ರೇ ಬಾಕಿ ಕಣವ್ವ. ಇಳೀರಿ, ಜೀಪು ಹಗುರಾಗ್ಲಿ."